‘ಹಾಕ್ಸೋದಾ, ಬ್ಯಾಡ್ವಾ ಡಾಕ್ಟ್ರೇ?’: ಲಸಿಕೆ ಕುರಿತು ವೈದ್ಯರ ಮನಸ್ಸಿನಲ್ಲಿ ಏನಿರುತ್ತದೆ

ಮಲೆನಾಡಿನಲ್ಲಿ ಅಡಿಕೆ ಕೊಯ್ಲಿನ ಜೊತೆಜೊತೆಗೇ ಮಂಗನ ಕಾಯಿಲೆಯ ಮಾತೂ ಶುರುವಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಜ್ವರಕ್ಕೆ 1990ರಿಂದ ರಾಜ್ಯದಲ್ಲಿ ಲಸಿಕೆ ಹಾಕಲಾಗುತ್ತಿತ್ತು. 2022ರಲ್ಲಿ ಅದು ನಿಂತಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಕಂಪನಿ ಸೇರಿ ಹೊಸ ಲಸಿಕೆ ಸಿದ್ಧಪಡಿಸುತ್ತಿವೆ. ಅದು ಬಂದ ದಿನ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಜನ ಸರ್ಕಾರದ ಕರಪತ್ರ ಓದುವ ಮೊದಲು ತಮ್ಮ ಪೇಟೆಯ ಡಾಕ್ಟರ ಮುಖ ಓದುತ್ತಾರೆ. ಡಾಕ್ಟರು ಒಂದು ಕ್ಷಣ ತಡೆದು ‘ನೋಡೋಣ’ ಎಂದರೆ ಮುಗಿಯಿತು, ಆ ಮನೆಯ ಐದಾರು ಮಂದಿಗೆ ಲಸಿಕೆ ಬೀಳುವುದಿಲ್ಲ.

ಹಾಗಾದರೆ ಆ ಡಾಕ್ಟರ ಮನಸ್ಸಿನಲ್ಲಿ ಏನಿರುತ್ತದೆ? ಇನ್ನು ನಾಲ್ಕೈದು ವರ್ಷಕ್ಕೆ ಡಾಕ್ಟರಾಗುವ ವಿದ್ಯಾರ್ಥಿಯ ಮನಸ್ಸಿನಲ್ಲಿ? ‘ವೈದ್ಯರು ಲಸಿಕೆಯ ಪರ, ಜನ ವಿರೋಧ’ ಎಂದು ಗೆರೆ ಎಳೆದರೆ ಅರ್ಧ ವಿಷಯ ಕೈತಪ್ಪುತ್ತದೆ.

ಹಿಂಜರಿಕೆ ಬೇರೆ, ವಿರೋಧ ಬೇರೆ

ಲಸಿಕೆ ಸಿಗುತ್ತಿದ್ದರೂ ಹಾಕಿಸಿಕೊಳ್ಳಲು ತಡ ಮಾಡುವುದು ಅಥವಾ ಬೇಡ ಎನ್ನುವುದಕ್ಕೆ ‘ಲಸಿಕೆ ಹಿಂಜರಿಕೆ’ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಜಗತ್ತಿನ ಆರೋಗ್ಯಕ್ಕಿರುವ ಹತ್ತು ದೊಡ್ಡ ಅಪಾಯಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿತು. ಇದರ ಬೇರು ಮೂರು. ಮೊದಲನೆಯದು ವಿಶ್ವಾಸದ ಕೊರತೆ: ಈ ಮದ್ದು ಸರಿ ಇದೆಯೇ, ಕೊಡುವವರು ಸರಿ ಇದ್ದಾರೆಯೇ ಎಂಬ ಶಂಕೆ. ಎರಡನೆಯದು ಉದಾಸೀನ: ‘ಆ ಕಾಯಿಲೆ ಈಗ ಎಲ್ಲಿದೆ?’ ಮೂರನೆಯದು ಅನಾನುಕೂಲ. ಮುಳುಗಡೆ ಪ್ರದೇಶದ ಹಳ್ಳಿಯಿಂದ ಲಾಂಚ್ ಹತ್ತಿ, ಬಸ್ ಹಿಡಿದು, ಒಂದು ದಿನದ ಕೂಲಿ ಬಿಟ್ಟು ಬರಬೇಕೆಂದರೆ ನಂಬಿಕೆ ಇದ್ದವರೂ ಮುಂದಿನ ವಾರ ನೋಡೋಣ ಎನ್ನುತ್ತಾರೆ.

ಈ ಮೂರೂ ವೈದ್ಯರಿಗೂ ಅನ್ವಯಿಸುತ್ತವೆ ಎಂಬುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಅದೂ ಅಲ್ಲದೆ ವೈದ್ಯರ ವಿಷಯದಲ್ಲಿ ‘ಧೋರಣೆ’ ಎಂಬ ಒಂದೇ ಪದದೊಳಗೆ ಮೂರು ಬೇರೆ ಪ್ರಶ್ನೆಗಳು ಕೂತಿರುತ್ತವೆ: ತಾನು ಹಾಕಿಸಿಕೊಂಡಿದ್ದಾರೆಯೇ? ರೋಗಿಗೆ ಹಾಕಿಸಿಕೊಳ್ಳಿ ಎಂದು ಬಾಯಿಬಿಟ್ಟು ಹೇಳುತ್ತಾರೆಯೇ? ರೋಗಿ ತಿರುಗಿ ಕೇಳಿದರೆ ಉತ್ತರ ಕೊಡಬಲ್ಲರೇ? ಮೊದಲನೆಯದಕ್ಕೆ ಹೌದು ಎನ್ನುವವರು ಮೂರನೆಯದರಲ್ಲಿ ತಡವರಿಸಬಹುದು. ತನ್ನ ಮಗುವಿಗೆ ಎಲ್ಲ ಲಸಿಕೆ ಹಾಕಿಸಿದ ಡಾಕ್ಟರೇ ಕ್ಲಿನಿಕ್ಕಿನಲ್ಲಿ ಆ ಮಾತನ್ನೇ ಎತ್ತದಿರಬಹುದು.

ಬೋರ್ಡೋ ಹೊಡೆದ ಹಾಗೆ

ಲಸಿಕೆ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಲು ಮಲೆನಾಡಿನವರಿಗೆ ತೋಟಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಅಡಿಕೆಗೆ ಕೊಳೆರೋಗ ಬರದಂತೆ ಬೋರ್ಡೋ ಹೊಡೆಯುವುದು ಮಳೆ ಹಿಡಿಯುವ ಮೊದಲು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. 40–45 ದಿನಕ್ಕೆ ಎರಡನೇ ಸಲ. ಕಾಯಿ ಉದುರಲು ಶುರುವಾದ ಮೇಲೆ ಹೊಡೆದರೆ ಆಗಲೇ ಕೊಳೆತ ಗೊನೆ ಉಳಿಯುವುದಿಲ್ಲ. ಮೊದಲ ಸಲ ಹೊಡೆದು ಎರಡನೆಯದನ್ನು ಬಿಟ್ಟರೆ ಆಗಸ್ಟಿನ ಮಳೆಗೆ ರಕ್ಷಣೆ ಸಾಲದು. ಪಕ್ಕದ ತೋಟದವರು ಹೊಡೆಯದಿದ್ದರೆ ಅವರ ಗೊನೆಯ ರೋಗ ನಮ್ಮ ಗೊನೆಗೂ ಹಾರುತ್ತದೆ.

ಲಸಿಕೆಯ ಸೂತ್ರವೂ ಹೆಚ್ಚುಕಡಿಮೆ ಹೀಗೆಯೇ. ಸತ್ತ ಅಥವಾ ಬಲ ಕುಂದಿಸಿದ ರೋಗಾಣುವನ್ನು, ಇಲ್ಲವೇ ಅದರ ಒಂದು ತುಣುಕನ್ನು ದೇಹಕ್ಕೆ ಮೊದಲೇ ಪರಿಚಯಿಸುತ್ತಾರೆ. ದೇಹ ಅದನ್ನು ಗುರುತಿಟ್ಟುಕೊಳ್ಳಲು ಎರಡು ಮೂರು ವಾರ ಬೇಕು. ಕೆಲವು ಲಸಿಕೆಗಳಲ್ಲಿ ಒಂದು ಡೋಸಿನ ನೆನಪು ಗಟ್ಟಿಯಾಗುವುದಿಲ್ಲ, ಎರಡು, ಮೂರು, ಬೂಸ್ಟರ್ ಬೇಕಾಗುತ್ತದೆ. ಸುತ್ತಲಿನವರ ರಕ್ಷಣೆಯೂ ಲೆಕ್ಕಕ್ಕೆ ಬರುತ್ತದೆ. ದಡಾರದ ಒಬ್ಬ ರೋಗಿ ರಕ್ಷಣೆಯಿಲ್ಲದ 12ರಿಂದ 18 ಮಂದಿಗೆ ಅಂಟಿಸಬಲ್ಲ. ಆ ಸರಪಳಿ ಕಡಿಯಲು ಊರಿನ ಶೇ 95ರಷ್ಟು ಮಂದಿಗೆ ರಕ್ಷಣೆ ಇರಬೇಕು. (ಹೋಲಿಕೆಗೂ ಮಿತಿ ಇದೆ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಮುಖ್ಯವಾಗಿ ಉಣ್ಣೆ ಕಚ್ಚಿ ಬರುತ್ತದೆ. ಅಲ್ಲಿ ಪಕ್ಕದ ಮನೆಯವರ ಲಸಿಕೆ ನಿಮ್ಮನ್ನು ಕಾಯುವುದಿಲ್ಲ.)

ವಿದ್ಯಾರ್ಥಿಯ ಕೈಗೆ ಚುಚ್ಚಿದ ಸೂಜಿ

ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಲಸಿಕೆಯನ್ನೇ ನಂಬದವರು ಕಡಿಮೆ. ಆದರೆ ನಂಬಿಕೆ ತೋಳಿನವರೆಗೆ ಇಳಿಯಿತೇ ಎಂಬುದಕ್ಕೆ ಹೆಪಟೈಟಿಸ್ ಬಿ ಒಳ್ಳೆಯ ಪರೀಕ್ಷೆ.

ಈ ವೈರಸ್ ರಕ್ತದ ಮೂಲಕ ಹರಡಿ ಯಕೃತ್ತನ್ನು ಹಾಳುಮಾಡುತ್ತದೆ. ವಾರ್ಡಿನಲ್ಲಿ ರಕ್ತ ತೆಗೆದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಿ ಬೆರಳಿಗೆ ಚುಚ್ಚಿಕೊಳ್ಳುವುದು ವಿದ್ಯಾರ್ಥಿಗಳ, ಇಂಟರ್ನ್‌ಗಳ ಮಾಮೂಲಿ ಅವಘಡ. ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವ ಸಂಭವ ಸುಮಾರು ಶೇ 0.3. ರಕ್ಷಣೆಯಿಲ್ಲದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ಶೇ 6ರಿಂದ 30. ಎಲ್ಲರೂ ಹೆದರುವುದು ಮೊದಲನೆಯದಕ್ಕೆ. ಲಸಿಕೆ ಇರುವುದು ಎರಡನೆಯದಕ್ಕೆ.

ವಯಸ್ಕರಿಗೆ ಮೂರು ಡೋಸ್: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಪ್ರತಿ ಸಲ 1 ಮಿಲಿ ಲೀಟರ್, ಭುಜದ ಸ್ನಾಯುವಿಗೆ. ಪೃಷ್ಠಕ್ಕೆ ಹಾಕಿದರೆ ಮದ್ದು ಕೊಬ್ಬಿನ ಪದರದಲ್ಲಿ ಉಳಿದು ಪರಿಣಾಮ ಕುಗ್ಗುತ್ತದೆ. ಕಾಲೇಜು ಸೇರಿದ ಮೊದಲ ತಿಂಗಳಲ್ಲೇ ಶುರುಮಾಡಿದವರಿಗೆ ಎರಡನೇ ವರ್ಷ ವಾರ್ಡಿಗೆ ಕಾಲಿಡುವಷ್ಟರಲ್ಲಿ ಮೂರೂ ಮುಗಿದಿರುತ್ತದೆ. ವಾರ್ಡಿಗೆ ಹೋಗುವ ಹಿಂದಿನ ವಾರ ನೆನಪಾದವರು ಆರು ತಿಂಗಳು ಅರೆ ರಕ್ಷಣೆಯಲ್ಲೇ ರಕ್ತ ತೆಗೆಯುತ್ತಾರೆ.

ತಪ್ಪುವುದು ಹೆಚ್ಚಾಗಿ ಮೂರನೆಯ ಡೋಸ್. ಆರು ತಿಂಗಳು ಎಂದರೆ ಮಧ್ಯೆ ಒಂದು ಇಂಟರ್ನಲ್ಸ್, ಒಂದು ರಜೆ, ಊರಿಗೆ ಹೋಗಿ ಬರುವುದು ಎಲ್ಲ ಆಗುತ್ತದೆ. ಎಷ್ಟು ತಡವಾದರೂ ಮೊದಲಿನಿಂದ ಶುರುಮಾಡಬೇಕಿಲ್ಲ, ಉಳಿದದ್ದನ್ನು ಹಾಕಿಸಿದರೆ ಸಾಕು. ಇದು ಗೊತ್ತಿಲ್ಲದೆ ‘ಮತ್ತೆ ಮೂರೂ ಹಾಕಿಸಬೇಕಾ’ ಎಂದು ಕೈಬಿಟ್ಟವರಿದ್ದಾರೆ. ಇನ್ನೊಂದು ತಪ್ಪು, ಕೊನೆಯ ಡೋಸಿನ ಒಂದೆರಡು ತಿಂಗಳ ಬಳಿಕ ಮಾಡಿಸಬೇಕಾದ ರಕ್ತಪರೀಕ್ಷೆಯನ್ನು ಬಿಡುವುದು. ಪ್ರತಿಕಾಯದ ಮಟ್ಟ 10 ಯೂನಿಟ್ ದಾಟಿದ್ದರೆ ರಕ್ಷಣೆ ಸಿಕ್ಕಿದೆ ಎಂದರ್ಥ. ವಯಸ್ಕರಲ್ಲಿ ಶೇ 5–10 ಮಂದಿಗೆ ಮೂರು ಡೋಸಾದರೂ ಅದು ದಾಟುವುದಿಲ್ಲ. ಅವರಿಗೆ ಇನ್ನೊಂದು ಸುತ್ತು ಬೇಕು. ಪರೀಕ್ಷೆ ಮಾಡಿಸದಿದ್ದರೆ ತಾನು ಯಾವ ಗುಂಪು ಎಂಬುದು ಸೂಜಿ ಚುಚ್ಚಿದ ರಾತ್ರಿಯೇ ತಿಳಿಯಬೇಕಾಗುತ್ತದೆ.

‘ಚಿಕ್ಕಂದಿನಲ್ಲಿ ಹಾಕಿಸಿದ್ದಾರಲ್ಲ’ ಎಂಬ ಮಾತೂ ಇದೆ. ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ದೇಶದಾದ್ಯಂತ ಸೇರಿದ್ದು 2011ರ ಹೊತ್ತಿಗೆ. ಅದಕ್ಕಿಂತ ಮೊದಲು ಹುಟ್ಟಿದವರು ಮನೆಯಲ್ಲಿರುವ ಹಳೇ ಕಾರ್ಡು ಹುಡುಕಿ ನೋಡುವುದೇ ಲೇಸು.

ಇಷ್ಟೆಲ್ಲ ಹೇಳುವುದಕ್ಕೆ ಕಾರಣ ಇದೆ. ಇಲ್ಲಿ ಅಡ್ಡಬಂದದ್ದು ಅಪನಂಬಿಕೆಯೇ ಅಲ್ಲ. ಉದಾಸೀನ ಮತ್ತು ಅನಾನುಕೂಲ. ಹಾಸ್ಟೆಲ್ಲಿಗೇ ಬಂದು ಹಾಕಿದರೆ, ಎರಡನೇ, ಮೂರನೇ ಡೋಸಿನ ದಿನವನ್ನು ಮೊದಲೇ ಗೊತ್ತುಮಾಡಿದರೆ ಅರ್ಧ ಸಮಸ್ಯೆ ತೀರುತ್ತದೆ. ಉಪನ್ಯಾಸದಿಂದ ತೀರುವುದು ಕಡಿಮೆ.

ಪೇಟೆಯ ಡಾಕ್ಟರ ಲೆಕ್ಕ

ಮಲೆನಾಡಿನ ಫ್ಯಾಮಿಲಿ ಡಾಕ್ಟರ ಸ್ಥಿತಿ ಬೇರೆ. ಮಕ್ಕಳ ಲಸಿಕೆ ಸರ್ಕಾರದ್ದು, ಉಚಿತ, ಗುರುವಾರ ಅಂಗನವಾಡಿಯಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಸಿಗುತ್ತದೆ. ಮನೆಮನೆಗೆ ಹೋಗಿ ನೆನಪಿಸುವುದು ಆಶಾ ಕಾರ್ಯಕರ್ತೆ, ಹಾಕುವುದು ನರ್ಸಮ್ಮ. ಖಾಸಗಿ ಕ್ಲಿನಿಕ್ಕಿನ ಡಾಕ್ಟರು ಈ ಸೂಜಿ ಹಾಕುವುದಿಲ್ಲ. ಆದರೆ ತಾಯಿ ಕಾರ್ಡ್ ಹಿಡಿದು ಬಂದವರು ಒಪ್ಪಿಗೆ ಕೇಳುವುದು ಅವರನ್ನೇ.

ಬುಧವಾರ ಸಂಜೆ ಕ್ಲಿನಿಕ್ಕಿನ ಬೆಂಚಿನ ಮೇಲೆ ಇಪ್ಪತ್ತು ಜನ. ಹತ್ತು ವಾರದ ಮಗುವಿಗೆ ಮೂಗು ಸೋರುತ್ತಿದೆ, ಮೈ ಸ್ವಲ್ಪ ಬಿಸಿ. ‘ನಾಳೆ ಸೂಜಿ ಇದೆ. ಹಾಕ್ಸೋದಾ, ಬ್ಯಾಡ್ವಾ ಡಾಕ್ಟ್ರೇ?’ ಡಾಕ್ಟರಿಗೆ ಮೂರು ನಿಮಿಷವೂ ಇಲ್ಲ. ‘ಶೀತ ವಾಸಿಯಾಗಲಿ, ಆಮೇಲೆ ನೋಡೋಣ’ ಎನ್ನುತ್ತಾರೆ. ಹೇಳಿದ್ದು ಕಾಳಜಿಯಿಂದಲೇ, ಈ ಅತಿ ಎಚ್ಚರಿಕೆಯೇ ಹಿಂಜರಿಕೆಗೆ ಮೊದಲ ಕಾರಣ. ಆದರೆ ಮುಂದಿನ ಗುರುವಾರ ಮಳೆ, ಅದರಾಚೆಯದು ಹಬ್ಬ. ಐದು ಕಾಯಿಲೆ ತಡೆಯುವ ಪೆಂಟಾವ್ಯಾಲೆಂಟ್ ಲಸಿಕೆಯ ಎರಡನೇ ಡೋಸ್ ಎರಡು ತಿಂಗಳು ಹಿಂದೆ ಬೀಳುತ್ತದೆ. ಆ ಐದು ರಕ್ಷಣೆಗಳಲ್ಲಿ ನಾಯಿಕೆಮ್ಮಿನದೂ ಒಂದು, ಮತ್ತು ನಾಯಿಕೆಮ್ಮು ಅತಿ ಹೆಚ್ಚು ಕೊಲ್ಲುವುದು ಇದೇ ವಯಸ್ಸಿನ ಕೂಸುಗಳನ್ನು.

ಶೀತ, ಕೆಮ್ಮು, ಸಣ್ಣ ಜ್ವರ, ಸ್ವಲ್ಪ ಭೇದಿ, ಆಂಟಿಬಯೋಟಿಕ್ ಕುಡಿಯುತ್ತಿರುವುದು, ತೂಕ ಕಡಿಮೆ ಇರುವುದು, ತಿಂಗಳು ತುಂಬದೆ ಹುಟ್ಟಿದ್ದು: ಇವಾವುವೂ ಲಸಿಕೆ ಮುಂದೂಡಲು ಕಾರಣವಲ್ಲ. ನಿಜವಾದ ತಡೆಗಳು ಬೆರಳೆಣಿಕೆಯಷ್ಟು. ಅದೇ ಲಸಿಕೆಯ ಹಿಂದಿನ ಡೋಸಿಗೆ ಉಸಿರು ಕಟ್ಟುವಂಥ ತೀವ್ರ ಅಲರ್ಜಿ ಆಗಿದ್ದರೆ ಮತ್ತೆ ಕೊಡುವಂತಿಲ್ಲ. ಜೀವಂತ ರೋಗಾಣುವಿನ ಲಸಿಕೆಗಳು ಗರ್ಭಿಣಿಯರಿಗೂ ರೋಗನಿರೋಧಕ ಶಕ್ತಿ ತೀರಾ ಕುಸಿದವರಿಗೂ ಬೇಡ. ಆಸ್ಪತ್ರೆಗೆ ಸೇರಿಸುವಷ್ಟು ಕಾಯಿಲೆ ಇದ್ದರೆ ವಾಸಿಯಾಗುವವರೆಗೆ ಕಾಯಬೇಕು. ಒಂದೇ ದಿನ ಎರಡು ಮೂರು ಸೂಜಿ ಹಾಕಿದರೆ ಮಗುವಿಗೆ ಭಾರ ಎಂಬ ಮಾತಿಗೆ ಆಧಾರವಿಲ್ಲ.

ಡಾಕ್ಟರ ಹಿಂಜರಿಕೆಗೆ ಎರಡನೇ ಕಾರಣ ಆಪಾದನೆಯ ಭಯ. ಸಣ್ಣ ಊರಿನಲ್ಲಿ ಮೂವತ್ತು ವರ್ಷ ಕಟ್ಟಿದ ಹೆಸರು ಒಂದು ಮಗುವಿಗೆ ಏನಾದರೂ ಆದರೆ ಹೋಗುತ್ತದೆ. ಮದ್ದು ಕೊಡದೆ ಕಾಯಿಲೆ ಬಂದರೆ ವಿಧಿ. ಮದ್ದು ಕೊಟ್ಟು ಜ್ವರ ಬಂದರೆ ಡಾಕ್ಟರು. ಹುಟ್ಟಿದ ಮೊದಲ ವರ್ಷದಲ್ಲಿ ಮಕ್ಕಳಿಗೆ ಲಸಿಕೆ ಇಲ್ಲದೆಯೂ ಜ್ವರ, ಫಿಟ್ಸ್, ಇನ್ನೇನೋ ಬರುತ್ತಲೇ ಇರುತ್ತವೆ. ಅದೇ ವರ್ಷ ಸೂಜಿಗಳೂ ಒಂದರ ಹಿಂದೆ ಒಂದು ಬೀಳುತ್ತವೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ನಂಟು ಕಟ್ಟುವುದು ಸುಲಭ.

ಹಾಗೆಂದು ಎಲ್ಲವನ್ನೂ ಕಾಕತಾಳೀಯ ಎಂದು ತಳ್ಳಿಹಾಕುವಂತಿಲ್ಲ. ಲಸಿಕೆಯ ನಂತರದ ತೊಂದರೆಗಳನ್ನು ಐದು ಬಗೆಯಾಗಿ ವಿಂಗಡಿಸುತ್ತಾರೆ: ಲಸಿಕೆಯ ಗುಣದಿಂದಲೇ ಬಂದದ್ದು, ತಯಾರಿಕೆಯ ದೋಷ, ಹಾಕುವವರ ತಪ್ಪು, ಸೂಜಿಯ ಗಾಬರಿ, ಮತ್ತು ಬರೀ ಕಾಕತಾಳೀಯ. ಮೊದಲನೆಯದು ಬಹುಪಾಲು ನಿರೀಕ್ಷಿತ. ಪೆಂಟಾವ್ಯಾಲೆಂಟ್ ಹಾಕಿದ ದಿನ ಅಥವಾ ಮರುದಿನ ಜ್ವರ, ತೊಡೆ ನೋವು. ದಡಾರ-ರುಬೆಲ್ಲಾ ಲಸಿಕೆಯಾದರೆ ಜ್ವರ, ಸಣ್ಣ ದದ್ದು ಬರುವುದು ಒಂದು ವಾರದ ಮೇಲೆ. ಕ್ಷಯ ತಡೆಯುವ ಬಿಸಿಜಿ ಹಾಕಿದ ಜಾಗ ಎರಡು ಮೂರು ವಾರಕ್ಕೆ ಊದಿ, ಒಡೆದು, ಕಲೆಯಾಗಿ ಉಳಿಯುತ್ತದೆ. ಅದಕ್ಕೆ ಮುಲಾಮು ಹಚ್ಚಬೇಕಿಲ್ಲ. ತೀವ್ರ ಅಲರ್ಜಿ ಸುಮಾರು ಹತ್ತು ಲಕ್ಷ ಡೋಸಿಗೆ ಒಂದು. ಅದು ಬಹುತೇಕ ಅರ್ಧ ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ, ಅಡ್ರಿನಲಿನ್ ಸೂಜಿಗೆ ಬಗ್ಗುತ್ತದೆ. ಲಸಿಕೆಯ ನಂತರ ಅರ್ಧ ಗಂಟೆ ಅಲ್ಲೇ ಕೂರಿಸುವುದು ಇದಕ್ಕೇ.

ಮೂರನೇ ಕಾರಣ ದುಡ್ಡು. ಹೆಣ್ಣುಮಕ್ಕಳ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನೇ ತೆಗೆದುಕೊಳ್ಳಿ. ಸೀರಂ ಸಂಸ್ಥೆಯ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ಸಿಕ್ಕಿತು. 9ರಿಂದ 14 ವರ್ಷದೊಳಗೆ ಹಾಕಿಸಿದರೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15 ದಾಟಿದರೆ ಮೂರು. ಖಾಸಗಿಯಾಗಿ ಹಾಕಿಸಿದರೆ ಕೂಲಿ ಮಾಡುವವರಿಗೆ ಒಂದೊಂದು ಡೋಸೂ ಹೊರೆ. ‘ಡಾಕ್ಟ್ರು ವ್ಯಾಪಾರಕ್ಕಿಳಿದರು’ ಎನಿಸಿಕೊಳ್ಳುವ ಸಂಕೋಚಕ್ಕೇ ಬಾಯಿ ತೆರೆಯದವರು ಇದ್ದಾರೆ. ಹನ್ನೊಂದು ವರ್ಷದ ಹುಡುಗಿಯ ಅಪ್ಪನ ಎದುರು ಈ ಮಾತು ಎತ್ತುವುದು ಹೇಗೆ ಎಂಬ ಮುಜುಗರ ಬೇರೆ. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದವರಿಗೆ ಹೇಳಬೇಕಾದ ಫ್ಲೂ ಲಸಿಕೆಯ ಗತಿಯೂ ಇದೇ.

ಹುರುಳಿರುವ ಅನುಮಾನ

ವೈದ್ಯರ ಅನುಮಾನವೆಲ್ಲ ಅಜ್ಞಾನವಲ್ಲ. ಮಂಗನ ಕಾಯಿಲೆಯ ಹಳೇ ಲಸಿಕೆಯ ಕಥೆ ಅದಕ್ಕೆ ಮನೆಬಾಗಿಲಲ್ಲೇ ಇರುವ ನಿದರ್ಶನ.

ಅದು ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ತಯಾರಿಸಿದ ಲಸಿಕೆ. ಕಾಯಿಲೆ ಕಂಡ ಜಾಗದಿಂದ ಐದು ಕಿಲೋಮೀಟರ್ ದೂರದೊಳಗಿನ ಹಳ್ಳಿಗಳಲ್ಲಿ 7ರಿಂದ 65 ವರ್ಷದವರಿಗೆ ತಿಂಗಳ ಅಂತರದಲ್ಲಿ ಎರಡು ಡೋಸ್. ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್. ಬಳಿಕ ಆ ಪ್ರದೇಶದಲ್ಲಿ ಕೊನೆಯ ಪ್ರಕರಣ ಕಂಡು ಐದು ವರ್ಷ ಆಗುವವರೆಗೆ ವರ್ಷಕ್ಕೊಂದು. 2005ರಿಂದ 2010ರ ಅಂಕಿ ಅಂಶ ಇಟ್ಟುಕೊಂಡು ಲೆಕ್ಕ ಹಾಕಿದಾಗ ಎರಡು ಡೋಸಿನ ರಕ್ಷಣೆ ಸುಮಾರು ಶೇ 62, ಬೂಸ್ಟರೂ ಸೇರಿದರೆ ಸುಮಾರು ಶೇ 83 ಎಂದು ಕಂಡಿತು. ಒಂದೇ ಡೋಸಿನಿಂದ ಪ್ರಯೋಜನವಿಲ್ಲ.

ಶೇ 62 ಎಂದರೆ ಏನು? ಲಸಿಕೆಯಿಲ್ಲದಿದ್ದರೆ ನೂರು ಮಂದಿಗೆ ಕಾಯಿಲೆ ಬರುತ್ತಿದ್ದ ಕಡೆ ಲಸಿಕೆ ಪಡೆದವರಲ್ಲಿ 38 ಮಂದಿಗೆ ಬಂತು ಎಂದರ್ಥ. ಆ 38 ಮಂದಿ ಊರಿಗೆ ಕಾಣುತ್ತಾರೆ. ಕಾಯಿಲೆ ಬಾರದೆ ತೋಟಕ್ಕೆ ಹೋದ 62 ಮಂದಿ ಯಾರೆಂದು ಅವರಿಗೂ ಗೊತ್ತಿಲ್ಲ. ಸಾಲದ್ದಕ್ಕೆ ಈ ಸೂಜಿ ಬಹಳ ನೋಯುತ್ತಿತ್ತು. ಮೊದಲ ಡೋಸಿಗೆ ಬಂದವರು ಎರಡನೆಯದಕ್ಕೆ ತಪ್ಪಿಸಿಕೊಂಡರು, ಒಂದೇ ಡೋಸಿನವರಿಗೆ ಕಾಯಿಲೆ ಬಂತು, ‘ಸೂಜಿ ಹಾಕಿಸಿದರೂ ಬಂತಲ್ಲ’ ಎಂಬ ಮಾತು ಹಬ್ಬಿತು, ಮರುವರ್ಷ ಬರುವವರು ಇನ್ನೂ ಇಳಿದರು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಸಾವುಗಳಾದ ಮೇಲೆ ಪ್ರಶ್ನೆಗಳು ಜೋರಾದವು. ಕೊನೆಗೆ ಲಸಿಕೆಯ ಬಲವೇ ಪರೀಕ್ಷೆಯಲ್ಲಿ ಸಾಲದೆ ಹೋದಾಗ ಅದನ್ನು ನಿಲ್ಲಿಸಬೇಕಾಯಿತು. ‘ಇದು ಅಷ್ಟಕ್ಕಷ್ಟೇ’ ಎಂದು ಮೊದಲೇ ಹೇಳುತ್ತಿದ್ದ ವೈದ್ಯರನ್ನು ಲಸಿಕೆ ವಿರೋಧಿಗಳೆಂದು ಕರೆಯಲಾದೀತೇ?

ಕೋವಿಡ್ ಕಾಲದಲ್ಲೂ ಇದೇ ಆಯಿತು. 2021ರ ಜನವರಿ 16ರಂದು ಲಸಿಕೆ ಆರಂಭವಾದಾಗ ಮೊದಲ ಸರದಿ ಆರೋಗ್ಯ ಸಿಬ್ಬಂದಿಯದು. ಕೊವ್ಯಾಕ್ಸಿನ್‌ಗೆ ಅನುಮತಿ ಕೊಟ್ಟಾಗ ಅದರ ಮೂರನೇ ಹಂತದ ಪ್ರಯೋಗದ ಫಲಿತಾಂಶ ಇನ್ನೂ ಬಂದಿರಲಿಲ್ಲ. ದೆಹಲಿಯ ಆಸ್ಪತ್ರೆಯೊಂದರ ರೆಸಿಡೆಂಟ್ ವೈದ್ಯರು ತಮಗೆ ಕೋವಿಶೀಲ್ಡ್ ಕೊಡಿ ಎಂದು ಬರೆದು ಕೇಳಿದರು. ಮಾರ್ಚಿನಲ್ಲಿ ಮಧ್ಯಂತರ ಫಲಿತಾಂಶ ಶೇ 81 ಎಂದು ಬಂತು, ಅಂತಿಮವಾಗಿ ಶೇ 77.8. ಅವರು ಕೇಳಿದ್ದು ಅಂಕಿ ಅಂಶ. ಅದು ಬಂದ ಮೇಲೆ ಉತ್ತರವೂ ಸಿಕ್ಕಿತು.

ಹಾಗಾದರೆ ಹುರುಳಿರುವ ಅನುಮಾನವನ್ನು ಜೊಳ್ಳಿನಿಂದ ಬೇರ್ಪಡಿಸುವುದು ಹೇಗೆ? ಒಳ್ಳೆಯ ಅನುಮಾನಕ್ಕೆ ವಿಳಾಸ ಇರುತ್ತದೆ: ಯಾವ ಲಸಿಕೆ, ಎಷ್ಟನೇ ಡೋಸು, ಯಾವ ವಯಸ್ಸು, ಯಾವ ಮಾಹಿತಿ ಬಂದರೆ ಮನಸ್ಸು ಬದಲಾಗುತ್ತದೆ. ‘ಈ ಲಸಿಕೆಗಳೆಲ್ಲ ಹೀಗೇ’ ಎನ್ನುವುದಕ್ಕೆ ವಿಳಾಸವಿಲ್ಲ. 2017ರ ಫೆಬ್ರುವರಿಯಲ್ಲಿ 9 ತಿಂಗಳಿಂದ 15 ವರ್ಷದ ಮಕ್ಕಳಿಗೆ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದ್ದು ಈ ಎರಡನೇ ಜಾತಿಯದು.

ಫ್ರಿಜ್ಜಿನೊಳಗಿನ ವಿಷಯ

‘ಹಳ್ಳಿಯ ಸೂಜಿ ಕೆಟ್ಟಿರುತ್ತದೆ, ಕರೆಂಟೇ ಇರೋದಿಲ್ಲವಲ್ಲ’ ಎಂಬ ಅನುಮಾನ ಡಾಕ್ಟರುಗಳಲ್ಲೂ ಇದೆ. ಆಗುಂಬೆ ಕಡೆಯ ಜುಲೈ ನೋಡಿದವರಿಗೆ ಹಾಗನಿಸುವುದು ಸಹಜ. ಆದರೆ ಲಸಿಕೆ ಇಡುವುದು ಮನೆ ಫ್ರಿಜ್ಜಿನಂಥದ್ದರಲ್ಲಿ ಅಲ್ಲ. ಲಸಿಕೆಯ ಫ್ರಿಜ್ಜೇ ಬೇರೆ, ಅದರ ಗೋಡೆಯ ಸುತ್ತ ಮಂಜುಗಡ್ಡೆಯ ಪದರ ಇರುತ್ತದೆ. ದಿನಕ್ಕೆ ಎಂಟು ಗಂಟೆ ಕರೆಂಟ್ ಸಿಕ್ಕರೂ ಒಳಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಳಿಯುತ್ತದೆ. ಬಾಗಿಲು ಮೇಲಕ್ಕೆ ತೆರೆಯುವುದರಿಂದ ತಂಪು ಚೆಲ್ಲಿಹೋಗುವುದೂ ಕಡಿಮೆ.

ಬಾಟಲಿ ಬಿಸಿ ತಿಂದಿದೆಯೇ ಎಂಬುದು ಯಾರಿಗೂ ಕಾಣುತ್ತದೆ. ಅದರ ಮೇಲೆ ಒಂದು ನೇರಳೆ ವೃತ್ತ, ನಡುವೆ ತಿಳಿ ಬಣ್ಣದ ಚೌಕ ಇರುತ್ತದೆ. ಶಾಖ ತಗಲಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ. ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು. ವೃತ್ತದ ಬಣ್ಣ ಮುಟ್ಟಿದರೆ ಎಸೆಯಬೇಕು. ನರ್ಸಮ್ಮನಿಗೆ ತೋರಿಸಿ ಎಂದು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕಾಣದ ಕೇಡು ಹೆಪ್ಪುಗಟ್ಟುವುದು. ಹೆಪಟೈಟಿಸ್ ಬಿ, ಪೆಂಟಾವ್ಯಾಲೆಂಟ್, ಡಿಪಿಟಿ ಲಸಿಕೆಗಳಲ್ಲಿ ಪರಿಣಾಮ ಹೆಚ್ಚಿಸಲು ಅಲ್ಯೂಮಿನಿಯಂ ಲವಣ ಬೆರೆಸಿರುತ್ತಾರೆ. ಒಮ್ಮೆ ಹೆಪ್ಪುಗಟ್ಟಿದರೆ ಆ ಕಣಗಳು ಗಂಟುಗಟ್ಟಿ ಮದ್ದು ಹಾಳು, ಆದರೆ ಚೌಕದ ಬಣ್ಣ ಹಾಗೇ ಇರುತ್ತದೆ. ಅನುಮಾನ ಬಂದರೆ ಅಲುಗಿಸುವ ಪರೀಕ್ಷೆ ಮಾಡುತ್ತಾರೆ. ಅದೇ ಬ್ಯಾಚಿನ ಒಂದು ಬಾಟಲಿಯನ್ನು ರಾತ್ರಿಯಿಡೀ ಬೇಕೆಂತಲೇ ಗಟ್ಟಿಯಾಗಿಸಿ, ಕರಗಿಸಿ, ಅನುಮಾನದ ಬಾಟಲಿಯ ಜೊತೆ ಒಂದೇ ಕೈಯಲ್ಲಿ ಹಿಡಿದು ಹತ್ತು ಹದಿನೈದು ಸೆಕೆಂಡು ಕುಲುಕಿ ಮೇಜಿನ ಮೇಲಿಡುತ್ತಾರೆ. ಗಟ್ಟಿಯಾಗಿದ್ದರಲ್ಲಿ ಬಿಳಿ ಗಸಿ ಬೇಗ ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಒಳ್ಳೆಯದು ಅರ್ಧ ಗಂಟೆಯಾದರೂ ಮಜ್ಜಿಗೆಯ ಹಾಗೆ ಮಸುಕಾಗಿರುತ್ತದೆ. ಅನುಮಾನದ್ದು ಮೊದಲನೆಯದರಷ್ಟೇ ವೇಗದಲ್ಲಿ ತಳ ಹಿಡಿದರೆ ಎಸೆಯಬೇಕು.

ಹೆಪ್ಪುಗಟ್ಟುವುದು ಹೆಚ್ಚಾಗಿ ಹಳ್ಳಿಗೆ ಒಯ್ಯುವ ಡಬ್ಬಿಯಲ್ಲಿ. ಅದರೊಳಗೆ ನಾಲ್ಕು ಐಸ್ ಪ್ಯಾಕ್ ಇಡುತ್ತಾರೆ. ಫ್ರೀಜರಿನಿಂದ ತೆಗೆದ ಕೂಡಲೇ ಇಡಬಾರದು. ಹೊರಗಿಟ್ಟು, ಮೇಲೆ ನೀರಹನಿ ಮೂಡಿ, ಕಿವಿಯ ಹತ್ತಿರ ಅಲುಗಿಸಿದಾಗ ಒಳಗೆ ನೀರು ಕುಲುಕಿದ ಸದ್ದು ಬಂದ ಮೇಲೆ ಇಡಬೇಕು. ಡಿಸೆಂಬರಿನ ಮಲೆನಾಡಿನ ಬೆಳಗಿನಲ್ಲಿ ಇದಕ್ಕೆ ಬಯಲುಸೀಮೆಗಿಂತ ಹೆಚ್ಚು ಹೊತ್ತು ಬೇಕು. ಖಾಸಗಿ ಕ್ಲಿನಿಕ್ಕಿನಲ್ಲಿ ಮನೆ ಫ್ರಿಜ್ಜಿನಂಥದ್ದನ್ನೇ ಬಳಸುತ್ತಿದ್ದರೆ ಲಸಿಕೆ ಬಾಗಿಲಲ್ಲೂ ಇರಬಾರದು, ಫ್ರೀಜರಿನ ಕೆಳಗೂ ತಾಗಿರಬಾರದು. ಹಾಲಿನ ಪ್ಯಾಕೆಟ್ ಜೊತೆಯಂತೂ ಬೇಡವೇ ಬೇಡ.

ದಡಾರ-ರುಬೆಲ್ಲಾ, ಬಿಸಿಜಿ ಪುಡಿಯ ರೂಪದಲ್ಲಿ ಬರುತ್ತವೆ. ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಕಸಕ್ಕೆ. ಅದರಲ್ಲಿ ಬ್ಯಾಕ್ಟೀರಿಯಾ ತಡೆಯುವ ರಾಸಾಯನಿಕ ಇಲ್ಲ. ಸಂಜೆವರೆಗೆ ಇಟ್ಟು ಬಳಸಿದರೆ ರಕ್ತಕ್ಕೆ ನಂಜೇರಿ ಮಗುವಿನ ಜೀವಕ್ಕೇ ಕುತ್ತು. ‘ಹಾಕುವವರ ತಪ್ಪು’ ಎಂಬ ಬಗೆ ಇದೇ.

ಸಮೀಕ್ಷೆಯ ಸುದ್ದಿ ಓದುವಾಗ

‘ಶೇ ಇಷ್ಟು ವೈದ್ಯರಿಗೆ ಲಸಿಕೆ ಮೇಲೆ ಅನುಮಾನ’ ಎಂಬ ಸುದ್ದಿ ಆಗಾಗ ಬರುತ್ತದೆ. 2014ರಲ್ಲಿ ಫ್ರಾನ್ಸಿನ 1,700ಕ್ಕೂ ಹೆಚ್ಚು ಕುಟುಂಬ ವೈದ್ಯರನ್ನು ಕೇಳಿದ ಸಮೀಕ್ಷೆಯಲ್ಲಿ ಒಂದೊಂದು ಲಸಿಕೆಗೂ ಶೇ 16ರಿಂದ 43ರಷ್ಟು ಮಂದಿ ‘ಕೆಲವೊಮ್ಮೆ ಮಾತ್ರ ಹೇಳುತ್ತೇನೆ’ ಅಥವಾ ‘ಹೇಳುವುದೇ ಇಲ್ಲ’ ಎಂದಿದ್ದರು. ಮೇಲುನೋಟಕ್ಕೆ ಗಾಬರಿ ಹುಟ್ಟಿಸುವ ಸಂಖ್ಯೆ. ಆದರೆ ಅದು ಲಸಿಕೆಯಿಂದ ಲಸಿಕೆಗೆ ಬದಲಾಗಿದೆ ಎಂಬುದನ್ನು ಗಮನಿಸಬೇಕು. 1990ರ ದಶಕದಲ್ಲಿ ಅಲ್ಲಿ ಹೆಪಟೈಟಿಸ್ ಬಿ ಲಸಿಕೆಗೂ ನರರೋಗಕ್ಕೂ ನಂಟಿದೆ ಎಂಬ ವಿವಾದ ಎದ್ದು, 1998ರಲ್ಲಿ ಶಾಲೆಗಳಲ್ಲಿ ಹಾಕುವುದನ್ನೇ ನಿಲ್ಲಿಸಿದ್ದರು. ಅಂಥ ಗದ್ದಲದ ನೆನಪು ಡಾಕ್ಟರಲ್ಲೂ ಬೇಗ ಅಳಿಯುವುದಿಲ್ಲ.

ವಿದ್ಯಾರ್ಥಿಗಳ ಸಮೀಕ್ಷೆಯಾದರೆ ಕೇಳಿದ್ದು ಒಂದೇ ಕಾಲೇಜಿನಲ್ಲೋ, ಹಲವು ಕಡೆಯೋ ನೋಡಿ. ‘ಹಾಕಿಸಿಕೊಳ್ಳುತ್ತೀರಾ?’ ಎಂದು ಕೇಳಿದ್ದಾರೋ, ‘ಹಾಕಿಸಿಕೊಂಡ ದಾಖಲೆ ತೋರಿಸಿ’ ಎಂದಿದ್ದಾರೋ ನೋಡಿ. ಮೇಷ್ಟರೇ ಪ್ರಶ್ನೆಪತ್ರಿಕೆ ಹಂಚಿದರೆ ‘ಹೌದು’ ಹೆಚ್ಚು ಬರುವುದು ಖಚಿತ.

ಮಾತು ಹೇಗೆ ಶುರುವಾಗುತ್ತದೆ

ಅಮೆರಿಕದಲ್ಲಿ ಮಕ್ಕಳ ವೈದ್ಯರು ಮತ್ತು ತಂದೆತಾಯಿಯರ ಮಾತುಕತೆಯನ್ನು ವಿಡಿಯೊ ಮಾಡಿ ನೋಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ವೈದ್ಯರು ‘ಲಸಿಕೆ ವಿಷಯ ಏನು ಮಾಡೋಣ?’ ಎಂದು ಶುರುಮಾಡಿದಾಗ ಶೇ 83 ಮಂದಿ ತಕರಾರು ತೆಗೆದರು. ‘ಇವತ್ತು ಈ ಲಸಿಕೆಗಳಿವೆ’ ಎಂದು ಶುರುಮಾಡಿದಾಗ ಶೇ 26. ನಮ್ಮ ಕಡೆಗೆ ತಂದರೆ ‘ಹಾಕಿಸ್ತೀರಾ?’ ಬದಲು ‘ನಾಳೆ ಗುರುವಾರ, ಎರಡನೇ ಪೆಂಟಾ ಇದೆ. ಶೀತಕ್ಕೂ ಅದಕ್ಕೂ ಸಂಬಂಧ ಇಲ್ಲ. ರಾತ್ರಿ ಮೈ ಬಿಸಿಯಾದರೆ ಈ ಪ್ಯಾರಾಸಿಟಮಾಲ್ ಹನಿ’ ಎಂದು ಡೋಸಿನ ಪ್ರಮಾಣವನ್ನೂ ತೂಕ ನೋಡಿ ಬರೆದುಕೊಡುವುದು. ಮೂರು ನಿಮಿಷವೂ ಬೇಕಿಲ್ಲ.

ಆದರೂ ಬೇಡ ಎಂದರೆ ವಾದಕ್ಕಿಳಿಯುವ ಮೊದಲು ಏನು ಹೆದರಿಕೆ ಎಂದು ಕೇಳಬೇಕು. ಬಂಜೆತನದ ವದಂತಿಗೆ ಹೆದರಿದವರಿಗೆ ಜ್ವರದ ವಿವರ ಕೊಟ್ಟು ಫಲವಿಲ್ಲ. ಕೂಲಿ ತಪ್ಪುತ್ತದೆ ಎನ್ನುವವರಿಗೆ ವಿಜ್ಞಾನ ಹೇಳಿಯೂ ಫಲವಿಲ್ಲ.

ಮಂಗನ ಕಾಯಿಲೆಗೆ ಹೊಸ ಲಸಿಕೆ ಬಂದಾಗ

ಡಾಕ್ಟರನ್ನು ಕೇಳಬೇಕಾದ್ದು ಹೀಗಿರಲಿ: ಎಷ್ಟು ಡೋಸ್, ಯಾವ ಅಂತರ? ಎಷ್ಟನೇ ಡೋಸಿನ ಬಳಿಕ ರಕ್ಷಣೆ ಶುರು? ಎಷ್ಟು ಕಾಲ ನಿಲ್ಲುತ್ತದೆ? ಯಾವ ವಯಸ್ಸಿನವರ ಮೇಲೆ ಪ್ರಯೋಗಿಸಿದ್ದಾರೆ? ಹಳೇ ಲಸಿಕೆ ಹಾಕಿಸಿಕೊಂಡವರು ಏನು ಮಾಡಬೇಕು? ಕಾಯಿಲೆಯ ಕಾಲ ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇ ವರೆಗೆ. ಎರಡು ಡೋಸಿನ ಲಸಿಕೆಯಾದರೆ ಎರಡನೆಯದು ನವೆಂಬರಿನೊಳಗೆ ಮುಗಿಯಬೇಕು, ಮೊದಲನೆಯದು ಮಳೆಗಾಲದಲ್ಲೇ ಬೀಳಬೇಕು. ಊರಲ್ಲಿ ಮಂಗ ಸತ್ತ ಮೇಲೆ ಓಡಿದರೆ ಕೊಳೆ ಬಂದ ಮೇಲೆ ಬೋರ್ಡೋ ಹೊಡೆದಂತೆ.

ಅಲ್ಲಿಯವರೆಗೆ ಇರುವುದು ಹಳೇ ದಾರಿಯೇ. ಸೊಪ್ಪು, ದರಕು, ಕಟ್ಟಿಗೆಗೆ ಕಾಡಿಗೆ ಹೋಗುವಾಗ ಮೈ ಮುಚ್ಚುವ ಬಟ್ಟೆ, ಕೈಕಾಲಿಗೆ ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ದೇಪಾ ಎಣ್ಣೆ. ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಮುಟ್ಟದೆ, ಆ ಜಾಗಕ್ಕೆ ದನ ಬಿಡದೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು. ಈ ಕಾಲದಲ್ಲಿ ಏಕಾಏಕಿ ಜ್ವರ, ಸೊಂಟ ಮುರಿಯುವಂಥ ಮೈಕೈ ನೋವು ಬಂದರೆ ನೋವಿನ ಮಾತ್ರೆ ತಾವೇ ನುಂಗಬಾರದು, ಅವುಗಳಲ್ಲಿ ಹಲವು ರಕ್ತಸ್ರಾವ ಹೆಚ್ಚಿಸುತ್ತವೆ. ಡಾಕ್ಟರ ಬಳಿ ಹೋದಾಗ ‘ಹೋದ ವಾರ ಕಾಡಿಗೆ ಹೋಗಿದ್ದೆ’ ಎಂದು ಅವರು ಕೇಳುವ ಮೊದಲೇ ಹೇಳಿ.